ಸ್ವಂತ ಸೂರಿಲ್ಲದ ಸಂಗೀತ

2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾರ್ಯಕ್ರಮ ಕೊಟ್ಟಿತು. ಭಾರತದಲ್ಲಿ ಅದರ ಮೊದಲ ಕಾರ್ಯಕ್ರಮವೇ ಅದು. ಅಷ್ಟರಲ್ಲಾಗಲೇ ರೋಜರ್ ವಾಟರ್ಸ್ 2002ರಲ್ಲಿ, ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಮಾರ್ಕ್ ನಾಫ್ಲರ್ 2005ರಲ್ಲಿ ಈ ಊರಿಗೆ ಬಂದುಹೋಗಿದ್ದರು. 2011ರ ಅಕ್ಟೋಬರಿನಲ್ಲಿ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಮೆಟಾಲಿಕಾ ಕಾರ್ಯಕ್ರಮ ಕೊನೆಗಳಿಗೆಯಲ್ಲಿ ರದ್ದಾಯಿತು. ಎರಡೇ ದಿನ ಬಿಟ್ಟು ಅದೇ ತಂಡ ಬೆಂಗಳೂರಿನಲ್ಲಿ ಸುಸೂತ್ರವಾಗಿ ನುಡಿಸಿ ಹೋದಮೇಲಂತೂ ‘ದೇಶದ ರಾಕ್ ರಾಜಧಾನಿ’ ಎಂಬ ಬಿರುದು ಊರಿಗೆ ಗಟ್ಟಿಯಾಗಿ ಅಂಟಿಕೊಂಡಿತು. ಬಿರುದು ಪೂರ್ತಿ ಸುಳ್ಳೇನಲ್ಲ. ಆದರೆ ಅದನ್ನೇ ನೆಚ್ಚಿ ಬೆಂಗಳೂರಿನ ಸ್ವಂತ ಬ್ಯಾಂಡುಗಳ ಚರಿತ್ರೆ ಬರೆಯಹೊರಟರೆ ದಾರಿ ತಪ್ಪುತ್ತದೆ. ಸಿನಿಮಾಕ್ಕಾಗಲಿ ಕ್ಯಾಸೆಟ್ ಕಂಪನಿಗಾಗಲಿ ಸೇರದೆ, ತಾವೇ ಕಟ್ಟಿದ ಹಾಡನ್ನು ತಾವೇ ಜನರೆದುರು ನುಡಿಸುವ ತಂಡಗಳು ಇಲ್ಲಿ ದಶಕಗಳಿಂದ ಹುಟ್ಟುತ್ತ, ಚದುರುತ್ತ ಬಂದಿವೆ. ಅವುಗಳ ಏಳುಬೀಳನ್ನು ಪ್ರತಿಭೆಯ ಲೆಕ್ಕದಲ್ಲೋ ಫ್ಯಾಷನ್ನಿನ ಲೆಕ್ಕದಲ್ಲೋ ವಿವರಿಸುವುದು ರೂಢಿ. ಈ ಸಂಗೀತ ಎಂದೂ ಸ್ವಂತ ಸೂರಿನಡಿ ಬಾಳಲಿಲ್ಲ, ಸದಾ ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗಿತ್ತು ಎನ್ನುವುದೇ ನನ್ನ ಮಟ್ಟಿಗೆ ಮುಖ್ಯ ಸಂಗತಿ. ಯಜಮಾನ ಬದಲಾದಂತೆಲ್ಲ ಹಾಡಿನ ಭಾಷೆ, ಕೇಳುಗರ ವರ್ಗ, ತಂಡದ ಆಯುಸ್ಸು ಎಲ್ಲವೂ ಬದಲಾಗುತ್ತ ಹೋದವು.

ಬಿರುದು ತಂದುಕೊಟ್ಟ ಅರಮನೆ ಮೈದಾನವನ್ನೇ ಮೊದಲು ನೋಡೋಣ. ನಗರದ ನಟ್ಟನಡುವೆ ಅಷ್ಟು ದೊಡ್ಡ ಬಯಲು ಉಳಿದದ್ದು ಸಂಗೀತಪ್ರೇಮದಿಂದಲ್ಲ, ವ್ಯಾಜ್ಯದಿಂದ. 1996ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ಮಾಡಿ, ಅರಮನೆಯೂ ಸೇರಿದಂತೆ 472 ಎಕರೆಯನ್ನು 11 ಕೋಟಿ ರೂಪಾಯಿ ಪರಿಹಾರಕ್ಕೆ ಸ್ವಾಧೀನಪಡಿಸಿಕೊಳ್ಳಲು ಹೊರಟಿತು. ರಾಜಮನೆತನದವರು ಕೋರ್ಟಿಗೆ ಹೋದರು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ವರ್ಷಗಟ್ಟಲೆ ಎಳೆಯಿತು. ಕಟ್ಟಡ ಏಳುವಂತಿಲ್ಲ, ಜಾಗ ಖಾಲಿ ಬಿಡುವಂತೆಯೂ ಇಲ್ಲ. ಹೀಗಾಗಿ ಮದುವೆ, ರಾಜಕೀಯ ಸಮಾವೇಶ, ವಸ್ತುಪ್ರದರ್ಶನಗಳಿಗೆ ದಿನದ ಬಾಡಿಗೆಯ ಮೇಲೆ ಸಿಗುವ ಬಯಲಾಗಿ ಅದು ಉಳಿಯಿತು, ರಾಕ್ ತಂಡಗಳೂ ಆ ಸಾಲಿಗೆ ಸೇರಿಕೊಂಡವು. ಊರಿನ ಬ್ಯಾಂಡುಗಳಿಗೆ ಈ ವೇದಿಕೆಯಿಂದ ಏನೂ ಸಿಗಲಿಲ್ಲ ಎನ್ನಲಾಗದು. 2001ರಲ್ಲಿ ಡೀಪ್ ಪರ್ಪಲ್ ಬಂದಾಗ ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’, ಮೆಟಾಲಿಕಾ ಬಂದಾಗ ಇಲ್ಲಿನದೇ ‘ಇನ್ನರ್ ಸ್ಯಾಂಕ್ಟಮ್’ ಆರಂಭದಲ್ಲಿ ನುಡಿಸಿದ್ದವು. ಮುಖ್ಯ ತಂಡಕ್ಕೆ ಮುಂಚಿನ ಆ ಚಿಕ್ಕ ಅವಧಿಯಲ್ಲಿ, ಬೇರೆ ಯಾರನ್ನೋ ನೋಡಲು ಬಂದವರ ಎದುರು ನುಡಿಸುವುದು ಹೆಸರಿಗೆ ಒಳ್ಳೆಯದೇ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಆ ತಂಡ ಎಲ್ಲಿ ನುಡಿಸಬೇಕು? ಒಂದು ಊರಿನ ಸಂಗೀತ ಬೆಳೆಯುವುದು ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ.

ಇದೇ ಊರಿನ ಬೇರೆ ಕಲೆಗಳು ಈ ಪ್ರಶ್ನೆಗೆ ಉತ್ತರ ಕಂಡುಕೊಂಡಿವೆ. ಬೆಂಗಳೂರು ಗಾಯನ ಸಮಾಜ ಶುರುವಾದದ್ದು 1905ರಲ್ಲಿ. ಚಾಮರಾಜಪೇಟೆಯಲ್ಲಿ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಆರಂಭಿಸಿದ ಶ್ರೀರಾಮಸೇವಾ ಮಂಡಳಿ, ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಚಪ್ಪರವನ್ನು ಕರ್ನಾಟಕ ಸಂಗೀತದ ಅತಿ ದೊಡ್ಡ ಉತ್ಸವಗಳಲ್ಲೊಂದಾಗಿ ಬೆಳೆಸಿತು. ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ತೆರೆಯಿತು. ನಾಟಕದವರಿಗೆ ರವೀಂದ್ರ ಕಲಾಕ್ಷೇತ್ರ ಇತ್ತು. ಅದು ಸಾಲದೆ ಬಂದಾಗ, ಶಂಕರ್‌ನಾಗ್ ನೆನಪಿಗೆ ಜೆ.ಪಿ. ನಗರದಲ್ಲಿ ಸಂಕೇತ್ ಟ್ರಸ್ಟ್ ಕಟ್ಟಿದ ರಂಗಶಂಕರ 2004ರಲ್ಲಿ ತೆರೆಯಿತು. ಶಾಸ್ತ್ರೀಯ ಸಂಗೀತ ಅದರ ಗುಣದಿಂದಲೇ ಉಳಿದುಬಂತು ಎಂದು ನಂಬುವವರಿದ್ದಾರೆ. ಗುಣ ಇದ್ದದ್ದು ನಿಜ, ಆದರೆ ಚಪ್ಪರವೂ ಇತ್ತು. ವರ್ಷದ ಇಂಥ ತಿಂಗಳು, ಇಂಥ ಜಾಗದಲ್ಲಿ, ಇಷ್ಟು ಹೊತ್ತಿಗೆ ಕಛೇರಿ ಎಂಬ ಭರವಸೆ ಇದ್ದದ್ದರಿಂದಲೇ ಹದಿನೆಂಟರ ಹುಡುಗ ಹಿರಿಯ ವಿದ್ವಾಂಸರ ಮುಂದಿನ ಸಾಲಿನಲ್ಲಿ ಕೂತು ಕೇಳಿ, ಹತ್ತು ವರ್ಷದ ಮೇಲೆ ಅದೇ ವೇದಿಕೆ ಹತ್ತಲು ಸಾಧ್ಯವಾಯಿತು. ಹೊಸ ಹಾಡು ಕಟ್ಟುವ ಬ್ಯಾಂಡುಗಳಿಗೆ ಇಂಥ ಸಭೆಯನ್ನು ಬೆಂಗಳೂರು ಯಾವ ಕಾಲದಲ್ಲೂ ಕಟ್ಟಿಕೊಡಲಿಲ್ಲ.

ಅವುಗಳಿಗೆ ಜಾಗ ಕೊಟ್ಟ ಮೊದಲ ಯಜಮಾನರಲ್ಲಿ ಮುಖ್ಯವಾದದ್ದು ಕಾಲೇಜು. ಹೆವಿ ಮೆಟಲ್ ನುಡಿಸುವ ‘ಮಿಲೇನಿಯಂ’ 1988ರಲ್ಲಿ, ‘ಡೈಯಿಂಗ್ ಎಂಬ್ರೇಸ್’ 1991ರಲ್ಲಿ ಹುಟ್ಟಿದವು. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಹುಡುಗರು ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಕಟ್ಟಿದರು, 1998ರಲ್ಲಿ ‘ಕ್ರಿಪ್ಟೋಸ್’ ಬಂತು. ಆ ಕಾಲದಲ್ಲಿ ಇಂಥ ತಂಡಗಳಿಗೆ ದೊಡ್ಡ ಸ್ಪೀಕರು, ಸಾವಿರ ಜನ, ಒಬ್ಬ ಸೌಂಡ್ ಎಂಜಿನಿಯರ್ ಒಟ್ಟಿಗೆ ಸಿಗುತ್ತಿದ್ದುದು ಕಾಲೇಜು ಫೆಸ್ಟುಗಳಲ್ಲಿ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯ ‘ಸ್ಟ್ರಾಬೆರಿ ಫೀಲ್ಡ್ಸ್’ ಸ್ಪರ್ಧೆಗೆ ದೇಶದ ಬೇರೆ ಬೇರೆ ಕಡೆಗಳಿಂದ ಬ್ಯಾಂಡುಗಳು ಬರುತ್ತಿದ್ದವು. ಆದರೆ ಸ್ಪರ್ಧೆಯ ನಿಯಮಕ್ಕೆ ತಕ್ಕಂತೆಯೇ ಸಂಗೀತವೂ ರೂಪುಗೊಳ್ಳುತ್ತದೆ. ಇಪ್ಪತ್ತು–ಇಪ್ಪತ್ತೈದು ನಿಮಿಷದಲ್ಲಿ ತೀರ್ಪುಗಾರರನ್ನು ಬೆರಗುಗೊಳಿಸಬೇಕು. ಕೇಳುಗರಿಗೆ ಗೊತ್ತಿರುವ ಇಂಗ್ಲಿಷ್ ಹಾಡಿನ ಪಡಿಯಚ್ಚು ಒಂದಾದರೂ ಬೇಕು. ಗಿಟಾರಿನ ವೇಗಕ್ಕೆ ಸಿಗುವ ಚಪ್ಪಾಳೆ ಸಾಹಿತ್ಯಕ್ಕೆ ಸಿಗುವುದಿಲ್ಲ. ಸ್ವಂತ ಹಾಡನ್ನೇ ನುಡಿಸುತ್ತೇವೆಂದು ಹಟ ಹಿಡಿದ ತಂಡಗಳು ಈ ಪ್ರವಾಹಕ್ಕೆ ಎದುರು ಈಜಿದವು. ಇನ್ನೊಂದು ತೊಡಕು ಕಾಲೇಜಿನ ಸ್ವಭಾವದಲ್ಲೇ ಇತ್ತು. ಮೂರೋ ನಾಲ್ಕೋ ವರ್ಷಕ್ಕೆ ಕೇಳುಗರೂ ನುಡಿಸುವವರೂ ಪದವಿ ಪಡೆದು ಹೊರಬೀಳುತ್ತಾರೆ. ಬೇಸ್ ಗಿಟಾರಿನವನಿಗೆ ಸಾಫ್ಟ್‌ವೇರ್ ಕೆಲಸ ಸಿಕ್ಕಿತೆಂದರೆ ತಂಡ ಮುಗಿಯಿತು. ತೊಂಬತ್ತರ ದಶಕದ ಎಷ್ಟೋ ಬ್ಯಾಂಡುಗಳು ಒಂದೇ ಒಂದು ಧ್ವನಿಮುದ್ರಿಕೆಯನ್ನೂ ಬಿಡದೆ ಕಣ್ಮರೆಯಾದದ್ದು ಹೀಗೆ.

ಎರಡನೆಯ ಯಜಮಾನ ಪಬ್ಬು. ಎಂಬತ್ತರ ದಶಕದ ನಡುವಿನಿಂದ ಬೆಂಗಳೂರಿನಲ್ಲಿ ಪಬ್ಬುಗಳು ಹೆಚ್ಚುತ್ತ ಬಂದವು; ರೆಸ್ಟ್ ಹೌಸ್ ರಸ್ತೆಯ ಪೀಕೋಸ್‌ನಂಥ ಕಡೆ ಟೇಪಿನಲ್ಲಿ ರಾಕ್ ಕೇಳುವ ಚಟ ಬೆಳೆಯಿತು. ಎರಡು ಸಾವಿರದ ಇಸವಿಯ ಬಳಿಕ ಐಟಿ ಸಂಬಳದ ಜೊತೆ ಇಂದಿರಾನಗರದ ಕೈರಾ, ಬಿ–ಫ್ಲ್ಯಾಟ್, ವೈಟ್‌ಫೀಲ್ಡ್‌ನ ಕೌಂಟರ್ ಕಲ್ಚರ್, 2013ರಲ್ಲಿ ‘ದಿ ಹಮ್ಮಿಂಗ್ ಟ್ರೀ’ ಹೀಗೆ ಬ್ಯಾಂಡಿಗೆಂದೇ ವೇದಿಕೆ ಇಟ್ಟ ಜಾಗಗಳು ಬಂದವು. ಸ್ಥಳೀಯ ಬ್ಯಾಂಡುಗಳಿಗೆ ಇಷ್ಟು ಒಳ್ಳೆಯ ಕಾಲ ಹಿಂದೆಂದೂ ಇರಲಿಲ್ಲ ಎನ್ನಬಹುದು. ಆದರೂ ಒಂದು ಸಾಮಾನ್ಯ ಪಬ್ಬಿನ ಸಂಜೆಯ ಲೆಕ್ಕಾಚಾರ ಗಮನಿಸಿ. ಮಧ್ಯಾಹ್ನ ಆಟೋದಲ್ಲೋ ಗೂಡ್ಸ್ ಗಾಡಿಯಲ್ಲೋ ಡ್ರಮ್ಮು, ಆಂಪ್ಲಿಫೈಯರು ಇಳಿಯುತ್ತವೆ; ಊಟದ ಗಿರಾಕಿಗಳು ಬರುವ ಮುಂಚೆ ಸೌಂಡ್ ಚೆಕ್ ಮುಗಿಯಬೇಕು; ರಾತ್ರಿ ಒಂಬತ್ತರಿಂದ ಎರಡು ಸುತ್ತು ಹಾಡು, ನಡುವೆ ಅರ್ಧ ಗಂಟೆ ಬಿಡುವು. ಆ ಬಿಡುವು ಗಾಯಕನ ಗಂಟಲಿಗಲ್ಲ, ಬಾರ್ ಕೌಂಟರಿನ ವ್ಯಾಪಾರಕ್ಕೆ. ಗೇಟ್ ಕಲೆಕ್ಷನ್ನಿನಲ್ಲಿ ಪಾಲು ಸಿಕ್ಕರೂ ಐವರು ಹಂಚಿಕೊಂಡು ಗಾಡಿ ಬಾಡಿಗೆ ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಮಾಲೀಕನನ್ನು ದೂರುವಂತಿಲ್ಲ. ಜಾಗದ ಬಾಡಿಗೆ ಹುಟ್ಟುವುದು ಗ್ಲಾಸಿನಲ್ಲಿ, ಹಾಡಿನಲ್ಲಲ್ಲ. ಕ್ರಿಕೆಟ್ ಪಂದ್ಯ ತೋರಿಸಿದರೆ ಹೆಚ್ಚು ಗ್ಲಾಸು ಖರ್ಚಾಗುವುದಾದರೆ ಆ ರಾತ್ರಿ ಪರದೆ ಇಳಿಯುತ್ತದೆ, ಬ್ಯಾಂಡು ಮನೆಯಲ್ಲಿರುತ್ತದೆ. ಹೀಗಾಗಿ ಊರಿನ ಹೆಸರಾಂತ ಸಂಗೀತಗಾರರೂ ಜಾಹೀರಾತಿನ ಜಿಂಗಲ್, ಗಿಟಾರ್ ಪಾಠಗಳನ್ನು ನೆಚ್ಚಬೇಕಾಯಿತು. ‘ಥರ್ಮಲ್’ ತಂಡದವರು ‘ಟಾಕಾಡೆಮಿ’ ಎಂಬ ಸಂಗೀತ ಶಾಲೆಯನ್ನೇ ತೆರೆದರು.

ಪಬ್ಬಿನ ಬಾಡಿಗೆದಾರನಾದ ತಪ್ಪಿಗೆ ಬ್ಯಾಂಡು ಪಬ್ಬಿನ ಮೇಲಿನ ಕಾನೂನಿಗೂ ಸಿಕ್ಕಿಕೊಂಡಿತು. ಬಾರುಗಳಲ್ಲಿ ಹೆಣ್ಣುಮಕ್ಕಳನ್ನು ಕುಣಿಸುವ ‘ಲೈವ್ ಬ್ಯಾಂಡ್’ ದಂಧೆ ಬೆಂಗಳೂರಿನಲ್ಲಿ ದೊಡ್ಡ ಚರ್ಚೆಯಾಗಿದ್ದಾಗ, ನಗರ ಪೊಲೀಸರು 2005ರಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಲೈಸೆನ್ಸ್ ಮತ್ತು ನಿಯಂತ್ರಣ ಆದೇಶ ಹೊರಡಿಸಿದರು. ಲೈವ್ ಸಂಗೀತ, ಕ್ಯಾಬರೆ, ಡಿಸ್ಕೊಥೆಕ್ ಎಲ್ಲವೂ ಅದರಲ್ಲಿ ಒಂದೇ ಗಂಟಾದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಗಿಟಾರ್ ಹಿಡಿದು ಸ್ವಂತ ಹಾಡು ಹೇಳುವವನೂ ಅದೇ ಬಲೆಗೆ ಬಿದ್ದ. 2008ರಲ್ಲಿ ಪೊಲೀಸರು ಬಿಗಿ ಮಾಡಿದಾಗ ಅನೇಕ ಕಡೆ ಹಾಡೂ ಕುಣಿತವೂ ನಿಂತವು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಧ್ವನಿಮುದ್ರಿತ ಸಂಗೀತ ಹಾಕುವ ಹೋಟೆಲುಗಳಿಗೂ ನೋಟಿಸು ಹೋದವು. ನ್ಯಾಯಾಲಯದ ತೀರ್ಪಿನಲ್ಲಿ ತರ್ಕದೋಷ ಹುಡುಕುವ ಅಗತ್ಯವಿಲ್ಲ, ಜನ ಸೇರುವ ಜಾಗದಲ್ಲಿ ಬೆಂಕಿಯ ಭದ್ರತೆ, ಕಟ್ಟಡದ ಭದ್ರತೆ ನೋಡುವುದು ಪೊಲೀಸರ ಕೆಲಸವೇ. ತೊಂದರೆ ಇರುವುದು ವಿಂಗಡಣೆಯಲ್ಲಿ. ಸಂಗೀತ ಕೇಳಲೆಂದೇ ಜನ ಬರುವ ಜಾಗ ಎಂಬ ವರ್ಗವೇ ಆಡಳಿತದ ಕಣ್ಣಿಗೆ ಬೀಳಲಿಲ್ಲ. ಬಾರಿನ ಬಾಲವಾಗಿ ಮಾತ್ರ ಅದು ಕಂಡಿತು. ‘ದಿ ಹಮ್ಮಿಂಗ್ ಟ್ರೀ’ 2019ರಲ್ಲಿ ಬಾಗಿಲು ಹಾಕಿತು. ಕೈರಾ, ಕೌಂಟರ್ ಕಲ್ಚರ್ ಅದಕ್ಕೂ ಮುಂಚೆಯೇ ಮುಚ್ಚಿದ್ದವು. 2020ರ ಮಾರ್ಚಿನ ಲಾಕ್‌ಡೌನ್ ಬಂದಾಗ ಉಳಿದವೂ ತಿಂಗಳುಗಟ್ಟಲೆ ಮುಚ್ಚಿದವು. ಒಂದೊಂದು ಮುಚ್ಚಿದಾಗಲೂ ಹೋದದ್ದು ಒಂದು ಹೋಟೆಲಲ್ಲ. ಯಾವ ತಂಡವನ್ನು ಯಾವ ತಂಡದ ಜೊತೆ ಕೂಡಿಸಬೇಕು, ಯಾವ ಹೊಸಬರಿಗೆ ಮಂಗಳವಾರ ಕೊಟ್ಟು ನೋಡಬೇಕು ಎಂದು ಬಲ್ಲವರ ಅನುಭವವೂ ಅದರೊಂದಿಗೆ ಚದುರಿಹೋಯಿತು.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಇದೆಲ್ಲ ಇಂಗ್ಲಿಷ್ ಬಲ್ಲ, ದುಡ್ಡಿರುವ ದಂಡು ಪ್ರದೇಶದವರ ಶೋಕಿ. ಕನ್ನಡದ ಊರು ಇದರ ಚಿಂತೆ ಏಕೆ ಮಾಡಬೇಕು? ಬಹುಕಾಲ ಈ ಮಾತು ಬಹುಪಾಲು ನಿಜವಾಗಿತ್ತು. ಆದರೆ ಕಾರಣ ಸಂಗೀತದಲ್ಲಿತ್ತೋ ಬಾಡಿಗೆ ಮನೆಯಲ್ಲಿತ್ತೋ? ಪಬ್ಬಿನ ಬಿಲ್ಲು ಕೇಳುಗರನ್ನು ಸೋಸುತ್ತದೆ. ಇಪ್ಪತ್ತೊಂದು ತುಂಬದವರನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಹೊಸ ಸಂಗೀತಕ್ಕೆ ಕಿವಿ ತೆರೆಯುವ ವಯಸ್ಸು ಅದೇ. ಮನೆಮಂದಿಯೆಲ್ಲ ಬರುವ ಜಾಗವೂ ಅದಲ್ಲ. ಬಿಲ್ಲಿನ ಹಂಗಿಲ್ಲದ ಕಡೆ ಚಿತ್ರ ಬೇರೆಯೇ ಇದೆ. 1996ರಲ್ಲಿ ಆರಂಭವಾಗಿ ಸ್ವಾತಂತ್ರ್ಯೋತ್ಸವದ ಹೊತ್ತಿಗೆ ನಡೆಯುತ್ತ ಬಂದ ‘ಫ್ರೀಡಂ ಜ್ಯಾಮ್’ ಟಿಕೆಟ್ಟಿಲ್ಲದ ಉತ್ಸವ. ಹೊಸ ಹುಡುಗರಿಗೂ ಹಳೆಯ ತಂಡಗಳಿಗೂ ಅಲ್ಲಿ ಒಂದೇ ವೇದಿಕೆ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಜೂನ್ 21ರ ವಿಶ್ವ ಸಂಗೀತ ದಿನಕ್ಕೆ ಅಂಗಳ ತೆರೆಯುತ್ತಿತ್ತು. ಬಯಲಿಗೆ ಬಂದಾಗ ಕನ್ನಡವೂ ಬಂತು. ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರು, ಡ್ರಮ್ಮು, ಪಿಟೀಲಿನ ಜೊತೆ ಹಾಡಿ, 2008ರಲ್ಲಿ ಮೊದಲ ಆಲ್ಬಮ್ ತಂದು, 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದವರೆಗೆ ಅದನ್ನು ಒಯ್ದರು. ವಾಸು ದೀಕ್ಷಿತರ ‘ಸ್ವರಾತ್ಮ’ 2009ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಕನ್ನಡವನ್ನೂ ಹಿಂದಿಯನ್ನೂ ಒಟ್ಟಿಗೆ ಕೂರಿಸಿತು. ಕನ್ನಡದ ಕಿವಿ ಇದಕ್ಕೆ ಸಿದ್ಧವಿರಲಿಲ್ಲ ಎನ್ನುವವರು 2005ರಲ್ಲಿ ಸಿ. ಅಶ್ವಥ್ ಇದೇ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದಾಗ ಕವಿಗಳ ಹಾಡು ಕೇಳಲು ನೆರೆದ ಜನಸಾಗರವನ್ನು ನೆನೆಯಬೇಕು. ಕನ್ನಡದ ಕೇಳುಗರು ಇದ್ದೇ ಇದ್ದರು, ಪಬ್ಬಿನ ಬಾಗಿಲ ಹೊರಗಿದ್ದರು.

ಎರಡನೆಯ ಆಕ್ಷೇಪ ನೆರೆಹೊರೆಯವರದು, ಅದು ಇನ್ನೂ ಗಟ್ಟಿ. ಇಂದಿರಾನಗರ, ಕೋರಮಂಗಲಗಳ ನಿವಾಸಿಗಳು ರಾತ್ರಿಯ ಸದ್ದು, ಅಡ್ಡಾದಿಡ್ಡಿ ಪಾರ್ಕಿಂಗ್, ಕುಡಿದವರ ಗಲಾಟೆಯ ವಿರುದ್ಧ ವರ್ಷಗಳಿಂದ ಹೋರಾಡುತ್ತಿದ್ದಾರೆ. ಕಾನೂನೂ ಅವರ ಪರ ಇದೆ: 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧ. ಜೋರಾಗಿ ಬಾರಿಸಿದ ಡ್ರಮ್ ಸೆಟ್ಟು ಹತ್ತಿರದಲ್ಲಿ 100 ಡೆಸಿಬೆಲ್ ಸುಲಭವಾಗಿ ಮುಟ್ಟುತ್ತದೆ. ಮನೆಗಳಿಗೆ ಅಂಟಿಕೊಂಡ ಮಹಡಿಯ ಮೇಲೆ, ತಗಡಿನ ಸೂರಿನಡಿ ಅದನ್ನು ಬಾರಿಸಿ ನೆರೆಯವರು ಸಹಿಸಲಿ ಎಂದರೆ ಅದು ಕಲೆಯ ಹೆಸರಿನ ದೌರ್ಜನ್ಯ. ಆದರೆ ಈ ಜಗಳವೇ ನನ್ನ ವಾದಕ್ಕೆ ಸಾಕ್ಷಿ. ಸಂಗೀತ ಮನೆಗಳ ನಡುವಿನ ಮಹಡಿಗೆ ಹೋದದ್ದು ಬೇರೆ ಜಾಗವಿಲ್ಲದ್ದರಿಂದ. ರಾತ್ರಿ ಒಂಬತ್ತಕ್ಕೆ ಶುರುವಾದದ್ದು ಬಾರಿನ ವ್ಯಾಪಾರದ ಹೊತ್ತು ಅದಾದ್ದರಿಂದ. ಸದ್ದು ಹೊರಹೋಗದ ಗೋಡೆಯಿರುವ ಸಭಾಂಗಣದಲ್ಲಿ ಸಂಜೆ ಏಳಕ್ಕೆ ಶುರುಮಾಡಿ ಒಂಬತ್ತೂವರೆಗೆ ಮುಗಿಸುವುದಾದರೆ ಯಾರ ನಿದ್ದೆಯೂ ಕೆಡುವುದಿಲ್ಲ. ದೊಡ್ಡ ಉತ್ಸವಗಳು ಇದನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿಕೊಂಡವು: 2016ರಿಂದ ನಡೆಯುವ ‘ಎಕೋಸ್ ಆಫ್ ಅರ್ಥ್’ ವಿಮಾನ ನಿಲ್ದಾಣದ ದಿಕ್ಕಿಗೆ, ಊರಾಚೆಯ ಕುದುರೆ ಸವಾರಿ ಶಾಲೆಗೆ ಹೋಯಿತು. ದೂರ ಹೋಗಿ ಬರಲು ಕಾರೂ ದುಬಾರಿ ಟಿಕೆಟ್ಟಿಗೆ ದುಡ್ಡೂ ಇರುವವರಿಗೆ ಅದು ಸರಿ. ವಾರವಾರ ನುಡಿಸಬೇಕಾದ ಹೊಸ ತಂಡಕ್ಕೆ ಉತ್ತರವಲ್ಲ.

ಮೂರನೆಯದು ಕಾಲದ ಆಕ್ಷೇಪ. ಇಂಟರ್‌ನೆಟ್ ಬಂದಮೇಲೆ ಜಾಗದ ಮಾತೇಕೆ? ‘ಥರ್ಮಲ್’ ತಂಡ 2005ರಲ್ಲೇ ‘ಪ್ಲ್ಯಾನ್ ಬಿ’ ಆಲ್ಬಮ್ಮನ್ನು ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿತ್ತು. ರ‍್ಯಾಪರ್ ಬ್ರೋಧ ವಿ 2012ರ ‘ಆತ್ಮರಾಮ’ದಿಂದ ಹೆಸರಾದದ್ದು ಯೂಟ್ಯೂಬಿನಲ್ಲಿ, ಆಲ್ ಓಕೆ, ಚಂದನ್ ಶೆಟ್ಟಿ ಕನ್ನಡ ರ‍್ಯಾಪನ್ನು ಹಳ್ಳಿಹಳ್ಳಿಯ ಮೊಬೈಲಿಗೆ ಮುಟ್ಟಿಸಿದರು, ಬೆಂಗಳೂರಿನಲ್ಲಿ ರ‍್ಯಾಪರ್ ಆಗಿ ಬೆಳೆದ ಹನುಮಾನ್‌ಕೈಂಡ್‌ನ ‘ಬಿಗ್ ಡಾಗ್ಸ್’ 2024ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೇ ಹೋಯಿತು. ಈ ವಾದದ ಅರ್ಧವನ್ನು ಒಪ್ಪಲೇಬೇಕು: ಕನ್ನಡಕ್ಕೆ ಪಬ್ಬು ಮುಚ್ಚಿದ್ದ ಬಾಗಿಲನ್ನು ಫೋನು ತೆರೆಯಿತು. ಆದರೆ ಹೀಗೆ ಗೆದ್ದವರ ಸಂಗೀತದ ಸ್ವರೂಪ ಗಮನಿಸಬೇಕು. ಒಬ್ಬ ಮಾತುಗಾರ, ಕಂಪ್ಯೂಟರಿನಲ್ಲಿ ಕಟ್ಟಿದ ಒಂದು ಬೀಟು. ಮಲಗುವ ಕೋಣೆಯಲ್ಲೇ ಸಿದ್ಧವಾಗುವ ಕಲೆ ಅದು, ಹಾಗಿರುವುದೇ ಅದರ ಶಕ್ತಿ. ಐದು ಜನ ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಂಡು ನುಡಿಸುವ ಬ್ಯಾಂಡು ಆ ಕೋಣೆಯಲ್ಲಿ ಹಿಡಿಯುವುದಿಲ್ಲ. ಎಲ್ಲಿ ಲಯ ಎಳೆಯಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದನ್ನು ಅದು ಎದುರಿಗಿರುವ ಅರವತ್ತು ಜನರ ಮುಖ ನೋಡಿ ಕಲಿಯುತ್ತದೆ. ‘ಕ್ರಿಪ್ಟೋಸ್’ 2013ರಲ್ಲಿ ಜರ್ಮನಿಯ ವಾಕನ್ ಎಂಬ ಹಳ್ಳಿಯ ಜಗತ್ಪ್ರಸಿದ್ಧ ಮೆಟಲ್ ಉತ್ಸವದಲ್ಲಿ ನುಡಿಸಿತು. ಅಲ್ಲಿಗೆ ಮುಟ್ಟಲು ಅದಕ್ಕೆ ಹದಿನೈದು ವರ್ಷದ ವೇದಿಕೆಯ ದುಡಿತ ಬೇಕಾಯಿತು. ಆ ದುಡಿತಕ್ಕೆ ಇಲ್ಲಿ ಸಿಕ್ಕದ್ದು ಬಾಡಿಗೆ ಜಾಗಗಳು ಮಾತ್ರ.

ಸ್ವಂತ ಸೂರು ಸಿಕ್ಕರೆ ಈ ಸಂಗೀತದ ಮೊನೆ ಮೊಂಡಾಗುತ್ತದೆ, ಸರ್ಕಾರದ ಹಂಗಿಗೆ ಬಿದ್ದು ರಾಜ್ಯೋತ್ಸವದ ಮನರಂಜನೆಯಾಗುತ್ತದೆ ಎಂದು ಹೆದರುವವರಿದ್ದಾರೆ. ರಂಗಶಂಕರ ಆ ಹೆದರಿಕೆಗೆ ಉತ್ತರ. ಸರ್ಕಾರ ಗುತ್ತಿಗೆಗೆ ಕೊಟ್ಟ ನಿವೇಶನದಲ್ಲಿ ಖಾಸಗಿ ಟ್ರಸ್ಟೊಂದು ಕಟ್ಟಿ ನಡೆಸುವ ರಂಗಮಂದಿರ ಅದು; ತಡವಾಗಿ ಬಂದವರು ಯಾರೇ ಆದರೂ ಒಳಗೆ ಬಿಡದ ಅದರ ಶಿಸ್ತು ಊರಿಗೆಲ್ಲ ಗೊತ್ತು. ಅಲ್ಲಿ ನಾಟಕ ಸರ್ಕಾರಿ ಆಗಲಿಲ್ಲ, ನಿಯಮಿತವಾಯಿತು. ಪ್ರೇಕ್ಷಕರು ನಾಟಕದ ಹೆಸರು ನೋಡದೆಯೂ ಹೋಗುವ ಅಭ್ಯಾಸ ಹುಟ್ಟಿತು. ಖಾಸಗಿ ಬಂಡವಾಳವೇ ಈ ಕೆಲಸ ಮಾಡಲಿ ಎಂದರೆ, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಒಳ್ಳೆಯ ಜಾಜ್ ವೇದಿಕೆ ನಡೆಸುತ್ತಿದೆ. ಆದರೆ ಬಿಯರ್ ತಯಾರಿಸುವ ಆ ದುಬಾರಿ ಹೋಟೆಲಿನ ಮೇಜಿಗೆ ಕಾಲೇಜು ಹುಡುಗರ ಜೇಬು ಎಟುಕದು. ಬೇಕಾದದ್ದು ದೊಡ್ಡದೇನಲ್ಲ: ಇನ್ನೂರು–ಮುನ್ನೂರು ಜನ ಹಿಡಿಯುವ, ಗೋಡೆಗೆ ಶಬ್ದನಿರೋಧ ಇರುವ, ಮೆಟ್ರೋ ನಿಲ್ದಾಣಕ್ಕೆ ನಡೆದು ಮುಟ್ಟುವ ಎರಡು–ಮೂರು ಸಭಾಂಗಣ, ಮದ್ಯವಿಲ್ಲದ, ಬೇಗ ಮುಗಿಯುವ ಕಾರ್ಯಕ್ರಮಕ್ಕೆ ಬಾರಿನಿಂದ ಬೇರೆಯಾದ ಸರಳ ಲೈಸೆನ್ಸು, ಹೊಸ ತಂಡಕ್ಕೆ ವಾರಕ್ಕೊಂದು ದಿನ ಮೀಸಲು. ಪಬ್ಬುಗಳು ತಮ್ಮ ಪಾಡಿಗೆ ನಡೆಯಲಿ, ಬ್ಯಾಂಡು ಅಲ್ಲಿಯೂ ನುಡಿಸಲಿ. ಅಲ್ಲಿ ಮಾತ್ರವೇ ನುಡಿಸಬೇಕಾದ ಗತಿ ತಪ್ಪಬೇಕು. ಗಾಯನ ಸಮಾಜ, ರಾಮನವಮಿ ಚಪ್ಪರ, ಚೌಡಯ್ಯ ಭವನ, ರಂಗಶಂಕರಗಳನ್ನು ಕಟ್ಟಿದವರೆಲ್ಲ ತಮ್ಮ ಕಲೆಗೆ ಕೇಳುಗರು ಬಂದಮೇಲೆ ಮನೆ ಕಟ್ಟೋಣ ಎಂದು ಕಾಯಲಿಲ್ಲ, ಮನೆ ಕಟ್ಟಿ ಕೇಳುಗರನ್ನು ಬೆಳೆಸಿದರು. ರಾಕ್ ರಾಜಧಾನಿ ಎಂದು ಬೀಗುವ ಊರು ತನ್ನದೇ ಬ್ಯಾಂಡುಗಳ ವಿಷಯದಲ್ಲಿ ಈ ಕ್ರಮವನ್ನು ತಿರುಗುಮುರುಗು ಮಾಡಿ ನಾಲ್ಕು ದಶಕ ಕಳೆದಿದೆ.